ಮೇಲೇಳದ ಪೆಡಲು: ಹಳೆಯ ಕಾರಿನ ಕ್ಲಚ್ಚನ್ನು ಕುರಿತು ಒಂದು ಅಭ್ಯಾಸ

ಹಳೆಯ ಕಾರುಳ್ಳವರನ್ನು ಒಂದಲ್ಲ ಒಂದು ದಿನ ಕಾಡುವ ತೊಂದರೆಯೊಂದುಂಟು. ಗೇರು ಬದಲಿಸಲೆಂದು ಎಡಗಾಲಿನಿಂದ ತುಳಿದ ಕ್ಲಚ್ ಪೆಡಲು ಕಾಲನ್ನು ತೆಗೆದ ಮೇಲೂ ತಳದಲ್ಲಿಯೇ ಉಳಿಯುತ್ತದೆ. ಇಲ್ಲವೆ ತಡೆದು ತಡೆದು, ಒಲ್ಲದ ಮನಸ್ಸಿನಿಂದೆಂಬಂತೆ ಮೇಲಕ್ಕೆ ಬರುತ್ತದೆ. ಸಮತಟ್ಟಾದ ದಾರಿಯಲ್ಲಿ ಇದು ಕಿರಿಕಿರಿ ಮಾತ್ರ. ಕನಕಪುರದಿಂದ ಸಂಗಮದತ್ತ ಇಳಿಯುವ ತಿರುವುಗಳಲ್ಲಿಯೋ, ಮಾಗಡಿ ತಾಲ್ಲೂಕಿನ ಸಾವನದುರ್ಗದ ಸುತ್ತಲಿನ ಏರಿಳಿತದ ದಾರಿಯಲ್ಲಿಯೋ ಹಾಗಾದರೆ ಅದು ಅಪಾಯ. ಪೆಡಲು ತಳದಲ್ಲಿ ಉಳಿದಷ್ಟು ಹೊತ್ತೂ ಎಂಜಿನಿಗೂ ಗಾಲಿಗಳಿಗೂ ಸಂಬಂಧ ಕಡಿದಿರುತ್ತದೆ. ಇಳಿಜಾರಿನಲ್ಲಿ ಕಾರಿನ ಓಟವನ್ನು ಹಿಡಿದಿಡುವ ಎಂಜಿನಿನ ತಡೆ ಇಲ್ಲವಾಗಿ ಭಾರವೆಲ್ಲವೂ ಬ್ರೇಕಿನ ಮೇಲೆ ಬೀಳುತ್ತದೆ.

ಅಪಾಯದೊಡನೆ ಹಣದ ಪ್ರಶ್ನೆಯೂ ಇದೆ. ಪೆಡಲು ಅಂಟುತ್ತದೆಯೆಂದು ಗ್ಯಾರೇಜಿಗೆ ಒಯ್ದ ಕಾರಿಗೆ 'ಕ್ಲಚ್ ಸೆಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು' ಎಂಬ ತೀರ್ಪು ಕೆಲವೊಮ್ಮೆ ಬಾನೆಟ್ಟನ್ನು ತೆರೆಯುವ ಮೊದಲೇ ಬಂದುಬಿಡುತ್ತದೆ. ಹೊಸ ಪ್ಲೇಟು, ಹೊಸ ಬೇರಿಂಗು, ಎರಡು ದಿನದ ಕೂಲಿ ಎಲ್ಲವೂ ಸಂದ ಮೇಲೆ ಪೆಡಲು ಮತ್ತೆ ಅಂಟಿದರೆ ಮಾಲೀಕನ ಗತಿಯೇನು? ಹಿಂದಿನ ತಲೆಮಾರಿನವರು ಕೊಂಡು ಮನೆಯ ಮುಂದಿನ ಚಪ್ಪರದಡಿ ಉಳಿಸಿಹೋದ ಕಾರುಗಳ ವಿಷಯದಲ್ಲಿ ಈ ನಷ್ಟ ಇನ್ನೂ ಹೆಚ್ಚು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತಿತು. ಮಾರುತಿ 800 ಕಾರಿನ ತಯಾರಿಕೆಯೂ ಅದೇ ವರ್ಷ ಕೊನೆಗೊಂಡಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮುಂಚೆಯೇ ಮರೆಯಾಗಿತ್ತು. ಇಂತಹ ಕಾರುಗಳ ಒಳ್ಳೆಯ ಬಿಡಿಭಾಗವನ್ನು ವೃಥಾ ಬಿಚ್ಚಿ ಕೆಡಿಸುವುದು ಮತ್ತೆ ಸುಲಭವಾಗಿ ಸಿಗದ ವಸ್ತುವನ್ನು ಕಳೆದುಕೊಂಡಂತೆ. ಆದಕಾರಣ ಪೆಡಲನ್ನು ಹಿಡಿದಿಟ್ಟಿರುವ ಕೊಂಡಿ ಯಾವುದೆಂಬುದನ್ನು ಮೊದಲು ಕಂಡುಹಿಡಿದು, ಬಳಿಕವಷ್ಟೇ ಸ್ಪಾನರನ್ನು ಕೈಗೆತ್ತಿಕೊಳ್ಳತಕ್ಕದ್ದು. ಇದು ಮೆಕ್ಯಾನಿಕ್ಕಿನ ಕೌಶಲಕ್ಕಿಂತ ಹೆಚ್ಚಾಗಿ ತರ್ಕದ ಕೆಲಸ. ಪ್ರೌಢಶಾಲೆಯ ಭೌತವಿಜ್ಞಾನವನ್ನು ಮರೆಯದವರೆಲ್ಲರಿಗೂ ಸಾಧ್ಯವಾದದ್ದು.

ಕ್ಲಚ್ಚಿನ ಕೆಲಸ

ಹಿಂದೆ ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ ಒಂದೇ ದಂಡದ ಮೇಲೆ ಎರಡು ರಾಟೆಗಳಿರುತ್ತಿದ್ದವು. ಒಂದು ದಂಡಕ್ಕೆ ಬಿಗಿದದ್ದು, ಇನ್ನೊಂದು ಸಡಿಲವಾಗಿ ಸುಮ್ಮನೆ ತಿರುಗುವಂಥದ್ದು. ಬೆಲ್ಟನ್ನು ಸಡಿಲ ರಾಟೆಗೆ ಸರಿಸಿದರೆ ಎಂಜಿನು ಓಡುತ್ತಿದ್ದರೂ ಬೀಸುವ ಕಲ್ಲು ನಿಲ್ಲುತ್ತಿತ್ತು. ಬಿಗಿದ ರಾಟೆಗೆ ತಂದರೆ ಕಲ್ಲು ತಿರುಗುತ್ತಿತ್ತು. ಕಾರಿನ ಕ್ಲಚ್ಚು ಮಾಡುವುದೂ ಇದನ್ನೇ, ಆದರೆ ಬೆಲ್ಟಿನ ಬದಲು ಘರ್ಷಣೆಯಿಂದ. ಎಂಜಿನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಗೇರ್‌ಬಾಕ್ಸಿನ ದಂಡದ ಮೇಲೆ ಕ್ಲಚ್ ಪ್ಲೇಟ್ ಕುಳಿತಿದೆ. ಬಲವಾದ ಸ್ಪ್ರಿಂಗುಗಳುಳ್ಳ ಪ್ರೆಷರ್ ಪ್ಲೇಟು ಈ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುವ ತನಕ ಎರಡೂ ಒಂದಾಗಿ ತಿರುಗುತ್ತವೆ. ಪೆಡಲನ್ನು ತುಳಿದಾಗ ಒಂದು ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ದೂಡಿ, ಆ ಸ್ಪ್ರಿಂಗುಗಳ ಹಿಡಿತವನ್ನು ಸಡಿಲಿಸುತ್ತದೆ.

ಘರ್ಷಣೆಯಿಂದ ಎಷ್ಟು ಶಾಖ ಹುಟ್ಟೀತೆಂಬುದನ್ನು ಚನ್ನಪಟ್ಟಣದವರಿಗೆ ವಿವರಿಸಬೇಕಾಗಿಲ್ಲ. ಗೊಂಬೆ ಮಾಡುವ ಕುಶಲಕರ್ಮಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಬೆಂಕಿಯಿಲ್ಲದೆಯೇ ಅರಗು ಕರಗಿ ಮರದ ಮೇಲೆ ಬಣ್ಣವಾಗಿ ಹರಡುತ್ತದೆ. ಕ್ಲಚ್ಚು ಅರ್ಧ ಬಿಟ್ಟ ಸ್ಥಿತಿಯಲ್ಲಿ ಜಾರುತ್ತಿದ್ದರೆ ಪ್ಲೇಟಿನ ಮೇಲೆ ಇದೇ ಶಾಖ ಹುಟ್ಟುತ್ತದೆ. ಅಲ್ಲಿ ಅದು ಬಣ್ಣ ಕೊಡುವುದಿಲ್ಲ, ಪ್ಲೇಟನ್ನು ಸುಡುತ್ತದೆ. ಪೆಡಲು ಪೂರ್ತಿ ಮೇಲೆ ಬಾರದೆ ಅರೆವಾಸಿಯಲ್ಲಿ ನಿಲ್ಲುವ ಕಾರನ್ನು 'ಹೇಗೋ ಓಡುತ್ತದೆ' ಎಂದು ಓಡಿಸುತ್ತ ಹೋದವರು, ಒಂದು ಸಣ್ಣ ಸ್ಪ್ರಿಂಗಿನಿಂದ ಮುಗಿಯುತ್ತಿದ್ದ ಕೆಲಸವನ್ನು ಕೊನೆಗೆ ಹೊಸ ಪ್ಲೇಟಿನವರೆಗೆ ಒಯ್ದಿರುತ್ತಾರೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಪೆಡಲನ್ನು ಕೆಳಕ್ಕೆ ಒಯ್ಯುವುದು ಕಾಲು. ಮೇಲಕ್ಕೆ ತರುವುದು ಕಾಲಲ್ಲ. ಪ್ರೆಷರ್ ಪ್ಲೇಟಿನ ಸ್ಪ್ರಿಂಗುಗಳು ಫೋರ್ಕನ್ನು ಹಿಂದಕ್ಕೆ ನೂಕಿ ಪೆಡಲನ್ನು ಬಹುಪಾಲು ಮೇಲೆತ್ತುತ್ತವೆ. ಉಳಿದ ಸ್ವಲ್ಪ ದೂರವನ್ನು ಪೆಡಲಿನ ಬಳಿಯಿರುವ ಸಣ್ಣ ರಿಟರ್ನ್ ಸ್ಪ್ರಿಂಗು ಪೂರೈಸುತ್ತದೆ. ಆದುದರಿಂದ ತಳದಿಂದಲೇ ಏಳದ ಪೆಡಲಿಗೂ, ಏಳುತ್ತ ಬಂದು ಕೊನೆಯ ಎರಡು ಬೆರಳಿನಷ್ಟು ದೂರದಲ್ಲಿ ಸೋಲುವ ಪೆಡಲಿಗೂ ಕಾರಣಗಳು ಬೇರೆ ಬೇರೆ. ಎರಡನೆಯದರಲ್ಲಿ ಸಣ್ಣ ಸ್ಪ್ರಿಂಗು ತುಂಡಾಗಿರುವ ಅಥವಾ ಕೊಂಡಿಯಿಂದ ಕಳಚಿಕೊಂಡಿರುವ ಸಂಭವವೇ ಹೆಚ್ಚು.

ಮೊದಲು ಕಣ್ಣು, ಆಮೇಲೆ ಕೈ

ಪರೀಕ್ಷೆಗೆ ಮುಂಚೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಕೈಬ್ರೇಕ್ ಎಳೆದು, ಗಾಲಿಗಳಿಗೆ ಎರಡೂ ಬದಿಯಲ್ಲಿ ಕಲ್ಲು ಕೊಡತಕ್ಕದ್ದು. ಕಾರಿನ ಕೆಳಗೆ ಹೋಗಬೇಕಾದ ಪ್ರಸಂಗ ಬಂದರೆ ಬರಿಯ ಜಾಕನ್ನು ನಂಬಿ ಹೋಗಕೂಡದು. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿದ ಮೇಲೆಯೇ ಹೋಗಬೇಕು. ಇಟ್ಟಿಗೆಯ ಅಟ್ಟಿಯಂತೂ ಸರ್ವಥಾ ಕೂಡದು.

ತರುವಾಯ ಟಾರ್ಚ್ ಹಿಡಿದು ಪೆಡಲಿನ ಬುಡವನ್ನು ನೋಡಬೇಕು. ನಗೆ ತರಿಸುವಂತಿದ್ದರೂ ಮೊದಲ ಶಂಕೆ ಬೀಳಬೇಕಾದದ್ದು ಕಾಲಡಿಯ ಮ್ಯಾಟಿನ ಮೇಲೆ. ಹಳೆಯ ಕಾರುಗಳಲ್ಲಿ ಮೂಲ ರಬ್ಬರ್ ಮ್ಯಾಟು ಹರಿದುಹೋಗಿ, ಅದರ ಜಾಗದಲ್ಲಿ ತೆಂಗಿನ ನಾರಿನ ಹಾಸನ್ನೋ ದಪ್ಪ ಕಾರ್ಪೆಟ್ಟಿನ ತುಂಡನ್ನೋ ಹಾಕಿರುತ್ತಾರೆ. ಅದು ಸುಕ್ಕುಗಟ್ಟಿ ಮುಂದಕ್ಕೆ ಸರಿದು ಪೆಡಲಿನ ತೋಳನ್ನು ಹಿಡಿದುಬಿಡುತ್ತದೆ. ಹಿಪ್ಪುನೇರಳೆ ಸೊಪ್ಪಿನ ಕಟ್ಟು, ರೇಷ್ಮೆಗೂಡಿನ ಚೀಲಗಳನ್ನು ಸಾಗಿಸುವ ಕಾರಾದರೆ ಒಣಗಿದ ಕಡ್ಡಿ, ಮಣ್ಣು, ಚೀಲದ ದಾರ ಪೆಡಲಿನ ಸಂದಿಯಲ್ಲಿ ಸೇರಿರುವುದೂ ಉಂಟು. ಇವನ್ನೆಲ್ಲ ತೆಗೆದು ಮತ್ತೊಮ್ಮೆ ತುಳಿದು ನೋಡಿದರೆ ಕೆಲವು ಕಾರುಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದಲ್ಲಿ, ತಳದಲ್ಲಿ ನಿಂತ ಪೆಡಲನ್ನು ಕಾಲಬೆರಳಿನಿಂದ ಮೇಲಕ್ಕೆತ್ತಿ ನೋಡಬೇಕು. ಎತ್ತುವಾಗ ಒರಟಾದ ತಡೆಯೂ ಕಿರುಗುಟ್ಟುವ ಸದ್ದೂ ಇದ್ದರೆ ಲೋಹಕ್ಕೆ ಲೋಹ ಹಿಡಿದುಕೊಂಡಿದೆ. ಯಾವ ತಡೆಯೂ ಇಲ್ಲದೆ ಜೋಲಾಡುತ್ತ ಬಂದರೆ, ಪೆಡಲನ್ನು ಹಿಂದಕ್ಕೆ ನೂಕಬೇಕಾದ ಬಲವೇ ಅದನ್ನು ತಲಪುತ್ತಿಲ್ಲ.

ಕೊಂಡಿ ಬಿಡಿಸುವ ಪರೀಕ್ಷೆ

ಪೆಡಲಿನಿಂದ ಕ್ಲಚ್ಚಿನವರೆಗೆ ಬಲವನ್ನು ಒಯ್ಯುವ ಏರ್ಪಾಡು ಎಲ್ಲ ಕಾರುಗಳಲ್ಲೂ ಒಂದೇ ಬಗೆಯದಲ್ಲ. ಕೆಲವುದರಲ್ಲಿ ಕಬ್ಬಿಣದ ಸರಳುಗಳೂ ಸನ್ನೆಗಳೂ ಇವೆ. ಮಾರುತಿ 800ರಲ್ಲಿರುವಂತೆ ಕೆಲವುದರಲ್ಲಿ ಉಕ್ಕಿನ ಕೇಬಲ್ಲಿದೆ. ಇನ್ನು ಕೆಲವುದರಲ್ಲಿ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಎಂಬ ಎರಡು ಕೊಳವೆಗಳ ನಡುವೆ ದ್ರವವಿದೆ. ಕಾರಿನ ಹೆಸರನ್ನು ಕೇಳಿ ಇದನ್ನು ತೀರ್ಮಾನಿಸಕೂಡದು. ಹಳೆಯ ಕಾರಿಗೆ ಬೇರೆ ಡೀಸೆಲ್ ಎಂಜಿನನ್ನು ಕೂರಿಸುವಾಗ ಏರ್ಪಾಡನ್ನೂ ಬದಲಿಸಿರುವುದು ಸಾಮಾನ್ಯ. ಬಾನೆಟ್ ತೆರೆದು ಕಣ್ಣಾರೆ ನೋಡುವುದೇ ಸರಿಯಾದ ಮಾರ್ಗ.

ಏರ್ಪಾಡು ಯಾವುದೇ ಇರಲಿ, ಪರೀಕ್ಷೆಯ ತತ್ತ್ವ ಒಂದೇ: ಸರಪಳಿಯನ್ನು ನಡುವೆ ಬಿಡಿಸಿ ಎರಡು ಪಾಲು ಮಾಡುವುದು. ಪೆಡಲಿನ ತೋಳನ್ನು ಮುಂದಿನ ಸರಳಿಗೆ ಸೇರಿಸಿರುವ ಪಿನ್ನನ್ನು ತೆಗೆದು ಪೆಡಲನ್ನು ಕೈಯಿಂದಲೇ ಆಡಿಸಬೇಕು. ಒಂಟಿಯಾದ ಪೆಡಲು ಆಗಲೂ ಅಂಟಿದರೆ ದೋಷ ಪೆಡಲಿನಲ್ಲಿಯೇ ಇದೆ. ಗೇರ್‌ಬಾಕ್ಸಿನ ಗೊಡವೆಯೇ ಬೇಡ. ಅದು ಹಗುರವಾಗಿ ಆಡಿದರೆ ಪೆಡಲು ನಿರ್ದೋಷಿ, ದೋಷ ಮುಂದಿದೆ. ಈ ಒಂದು ಪಿನ್ನನ್ನು ತೆಗೆಯಲು ಹತ್ತು ನಿಮಿಷ ಸಾಕು. ಈ ಪರೀಕ್ಷೆಯನ್ನು ಮಾಡದೆ ಕ್ಲಚ್ ಸೆಟ್ ಬದಲಿಸಬೇಕೆನ್ನುವವರ ಮಾತನ್ನು ಒಪ್ಪಬೇಕಾಗಿಲ್ಲ.

ಪೆಡಲಿನಲ್ಲಿಯೇ ದೋಷವಿದ್ದರೆ ಅದು ಸಾಮಾನ್ಯವಾಗಿ ತಿರುಗುಗೂಟದ ಬುಷ್ಷಿನದು. ನಾಲ್ಕಾರು ಮಳೆಗಾಲಗಳನ್ನು ಓಡದೆ ಕಳೆದ ಕಾರಿನಲ್ಲಿ ಅಲ್ಲಿನ ಗ್ರೀಸು ಒಣಗಿ ಮೇಣದಂತಾಗಿ, ಅದರಡಿಯಲ್ಲಿ ತುಕ್ಕು ಹಿಡಿದಿರುತ್ತದೆ. ಮೇಲಿನಿಂದ ಎಣ್ಣೆ ಸುರಿದರೆ ಎರಡು ದಿನ ಸಡಿಲವಾಗಿ, ಮೂರನೆಯ ದಿನ ಧೂಳನ್ನು ಕುಡಿದು ಮೊದಲಿಗಿಂತ ಬಿಗಿಯಾಗುತ್ತದೆ. ಗೂಟವನ್ನು ಹೊರತೆಗೆದು, ಸಣ್ಣ ಉಪ್ಪುಕಾಗದದಿಂದ ತುಕ್ಕನ್ನು ಉಜ್ಜಿ, ಕಾಟನ್ ವೇಸ್ಟಿನಿಂದ ಒರೆಸಿ, ಹೊಸ ಗ್ರೀಸು ಹಚ್ಚಿ ಕೂರಿಸುವುದೇ ತಕ್ಕ ಪರಿಹಾರ. ಬುಷ್ಷು ಸವೆದು ಪೆಡಲು ಅಕ್ಕಪಕ್ಕಕ್ಕೆ ಆಡುವಂತಿದ್ದರೆ ಬುಷ್ಷನ್ನು ಬದಲಿಸಬೇಕು.

ಸನ್ನೆಯ ಪಾಠವನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಪಯುಕ್ತ. ಗೂಟದಿಂದ ಪಾದದವರೆಗೆ 25 ಸೆಂಟಿಮೀಟರ್, ಗೂಟದಿಂದ ಸರಳಿನ ಪಿನ್ನಿನವರೆಗೆ 5 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ಕಾಲು 10 ಕಿಲೋಗ್ರಾಂ ಭಾರದಷ್ಟು ಒತ್ತಿದರೆ ಸರಳಿನ ಮೇಲೆ 50 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಕಾಲು 15 ಸೆಂಟಿಮೀಟರ್ ಚಲಿಸಿದರೆ ಸರಳು ಚಲಿಸುವುದು 3 ಸೆಂಟಿಮೀಟರ್ ಮಾತ್ರ. ಇದರ ಇನ್ನೊಂದು ಮುಖವೆಂದರೆ ಪಿನ್ನಿನ ರಂಧ್ರದಲ್ಲಿ 1 ಮಿಲಿಮೀಟರ್ ಸವೆತವಾದರೆ ಪಾದದಲ್ಲಿ 5 ಮಿಲಿಮೀಟರ್ ವ್ಯರ್ಥ ಚಲನೆಯಾಗಿ ಕಾಣುತ್ತದೆ. ಸರಳುಗಳ ಏರ್ಪಾಡಿನಲ್ಲಿ ಇಂತಹ ಪಿನ್ನುಗಳು ನಾಲ್ಕೈದಿರಬಹುದು. ಒಂದೊಂದರ ರಂಧ್ರವೂ ಮೊಟ್ಟೆಯಾಕಾರಕ್ಕೆ ಸವೆದರೆ ಪಿನ್ನು ಓರೆಯಾಗಿ ಸಿಕ್ಕಿಕೊಂಡು ಪೆಡಲನ್ನು ಹಿಡಿಯುತ್ತದೆ. ಪಿನ್ನುಗಳ ಬೆಲೆ ಅಲ್ಪ. ಹುಡುಕುವ ತಾಳ್ಮೆ ಬೇಕಷ್ಟೆ.

ಕೇಬಲ್ಲಿನ ಕಾರಾದರೆ ಅದನ್ನು ಎರಡೂ ತುದಿಗಳಲ್ಲಿ ಬಿಡಿಸಿ ಕೈಯಿಂದ ಎಳೆದು ನೋಡಬೇಕು. ಒಳಗಿನ ಉಕ್ಕಿನ ಎಳೆಗಳಲ್ಲಿ ಒಂದೆರಡು ತುಂಡಾದರೂ ಅವು ಹೊರಕವಚಕ್ಕೆ ಚುಚ್ಚಿಕೊಂಡು ಹಿಂದಿರುಗುವುದನ್ನು ತಡೆಯುತ್ತವೆ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕ ಮಾಡಿದ ನಾಡಿನಲ್ಲಿ, ಎಳೆ ಕಡಿದ ಹಗ್ಗವನ್ನು ಬಾವಿಗಿಳಿಸಬಾರದೆಂದು ಹೇಳಿಕೊಡಬೇಕಾದ ಅಗತ್ಯವಿಲ್ಲ. ಅಂತಹ ಕೇಬಲ್ಲಿಗೆ ಎಣ್ಣೆಯೂ ಔಷಧವಲ್ಲ, ಗ್ರೀಸೂ ಅಲ್ಲ, ಬದಲಿಸಿಯೇ ತೀರಬೇಕು. ಹೊಸದನ್ನು ಎಲ್ಲಿಯೂ ಚೂಪಾಗಿ ಬಾಗದಂತೆ, ಸೈಲೆನ್ಸರಿನ ಕೊಳವೆಗೆ ತಾಗದಂತೆ ಹಾಯಿಸತಕ್ಕದ್ದು.

ಹೊಸ ಕೇಬಲ್ಲು ಕೆಲವೇ ತಿಂಗಳಲ್ಲಿ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ಅನೇಕರು ಕೇಬಲ್ ತಯಾರಿಸಿದವರನ್ನು ದೂರುತ್ತಾರೆ. ಕಾರಣ ಬೇರೆಡೆ ಇರಬಹುದು. ಎಂಜಿನಿಗೂ ಕಾರಿನ ಮೈಗೂ ನಡುವೆ ಅರ್ತ್ ಕೊಡುವ ದಪ್ಪ ತಂತಿಯ ಪಟ್ಟಿಯೊಂದಿರುತ್ತದೆ. ಅದು ತುಕ್ಕು ಹಿಡಿದು ಸಂಪರ್ಕ ಕಡಿದಾಗ, ಸ್ಟಾರ್ಟರ್ ಮೋಟಾರಿನ ಪ್ರಬಲ ವಿದ್ಯುತ್ ಪ್ರವಾಹವು ಹಿಂದಿರುಗಲು ಬೇರೆ ದಾರಿ ಕಾಣದೆ ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಗಳ ಮೂಲಕ ಹರಿಯುತ್ತದೆ. ಎಳೆಗಳು ಕಾದು ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟುತ್ತದೆ. ಅರ್ತ್ ಪಟ್ಟಿಯನ್ನು ಉಜ್ಜಿ ಬಿಗಿದರೆ ಕೇಬಲ್ಲು ಉಳಿಯುತ್ತದೆ. ವಿದ್ಯುತ್ತಿನ ದೋಷವು ಪೆಡಲಿನಲ್ಲಿ ತಲೆದೋರುವ ಈ ಪ್ರಸಂಗ ವಿಜ್ಞಾನದ ಅಧ್ಯಾಪಕರಿಗೆ ಒಳ್ಳೆಯ ಉದಾಹರಣೆ.

ದ್ರವದ ಏರ್ಪಾಡು

ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ: ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಕಾಲು ಹಾಕಿದ ಒತ್ತಡವು ಕೊಳವೆಯ ಮೂಲಕ ಸ್ಲೇವ್ ಸಿಲಿಂಡರನ್ನು ಮುಟ್ಟಿ ಫೋರ್ಕನ್ನು ದೂಡುತ್ತದೆ. ಹಿಂದಿರುಗುವಾಗ ಅದೇ ದ್ರವ ಅದೇ ಹಾದಿಯಲ್ಲಿ ಮರಳಬೇಕು. ಮರಳುವ ಹಾದಿ ಎಲ್ಲಿ ಮುಚ್ಚಿದೆಯೆಂಬುದೇ ಇಲ್ಲಿ ಶೋಧಿಸಬೇಕಾದ ವಿಷಯ.

ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಬಿಡಬೇಕು. ಇನ್ನೊಬ್ಬರು ಫೋರ್ಕನ್ನು ಗಮನಿಸಬೇಕು. ಪೆಡಲು ಬಿಟ್ಟಾಗ ಫೋರ್ಕು ಹಿಂದಿರುಗದೆ ನಿಂತರೆ, ಸ್ಲೇವ್ ಸಿಲಿಂಡರಿನ ಮೇಲಿರುವ ಏರ್ ತೆಗೆಯುವ ತಿರುಪನ್ನು ಸ್ವಲ್ಪ ಸಡಿಲಿಸಬೇಕು. ದ್ರವವು ಚಿಮ್ಮಿ ಫೋರ್ಕು ಹಿಂದಕ್ಕೆ ಬಂದರೆ ದ್ರವ ಒಳಗೆ ಸೆರೆಯಾಗಿತ್ತೆಂದು ಅರ್ಥ. ಚಿಮ್ಮದಿದ್ದರೆ ಫೋರ್ಕೋ ಸ್ಲೇವ್ ಸಿಲಿಂಡರಿನ ಪಿಸ್ಟನ್ನೋ ಸಿಕ್ಕಿಕೊಂಡಿದೆ. ಸೆರೆಯಾಗಿತ್ತೆಂದು ತಿಳಿದ ಮೇಲೆ, ಇನ್ನೊಮ್ಮೆ ಪೆಡಲು ತುಳಿದು ಬಿಟ್ಟು, ಈ ಸಲ ಮಾಸ್ಟರ್ ಸಿಲಿಂಡರಿನ ಬಳಿಯಲ್ಲಿ ಕೊಳವೆಯ ಜೋಡಣೆಯನ್ನು ಸಡಿಲಿಸಬೇಕು. ಆಗ ಫೋರ್ಕು ಮರಳಿದರೆ ತಡೆ ಮಾಸ್ಟರ್ ಸಿಲಿಂಡರಿನಲ್ಲಿದೆ. ಮರಳದಿದ್ದರೆ ನಡುವಿನ ರಬ್ಬರ್ ಹೋಸಿನಲ್ಲಿದೆ. ಹಳೆಯ ಹೋಸು ಹೊರಗೆ ಗಟ್ಟಿಯಾಗಿ ಕಂಡರೂ ಒಳಪದರ ಕಿತ್ತು ಬಾಗಿಲಿನಂತೆ ಅಡ್ಡ ನಿಲ್ಲುತ್ತದೆ: ಕಾಲಿನ ಬಲಕ್ಕೆ ದ್ರವ ಮುಂದೆ ಹೋಗುತ್ತದೆ, ಮರಳಿ ಬರುವುದಿಲ್ಲ. ಈ ಎರಡು ತಿರುಪುಗಳ ಪರೀಕ್ಷೆ ಯಾವ ಭಾಗವನ್ನೂ ಬದಲಿಸದೆ ದೋಷದ ಸ್ಥಾನವನ್ನು ತೋರಿಸಿಕೊಡುತ್ತದೆ.

ಮಾಸ್ಟರ್ ಸಿಲಿಂಡರಿನಲ್ಲಿ ತಡೆಯಿದ್ದರೆ ಮೊದಲು ಪೆಡಲಿನ ಸರಳಿಗೂ ಪಿಸ್ಟನ್ನಿಗೂ ನಡುವಿನ ಅಂತರವನ್ನು ನೋಡಬೇಕು. ಪೆಡಲು ಪೂರ್ತಿ ಮೇಲಿರುವಾಗ ಅಲ್ಲಿ ಸುಮಾರು 1 ಮಿಲಿಮೀಟರಿನಷ್ಟು, ಅಥವಾ ಆ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲವಿರಬೇಕು. ಯಾರೋ ಪೆಡಲನ್ನು 'ಎತ್ತರಿಸಲು' ಸರಳನ್ನು ಉದ್ದ ಮಾಡಿದ್ದರೆ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಾರದೆ, ದ್ರವವು ಡಬ್ಬಿಗೆ ಮರಳುವ ಸೂಕ್ಷ್ಮ ರಂಧ್ರವನ್ನು ಮುಚ್ಚಿಯೇ ಇರುತ್ತದೆ.

ಸರಳು ಸರಿಯಾಗಿದ್ದರೆ ಉಳಿದದ್ದು ಒಳಗಿನ ರಬ್ಬರ್ ಬಟ್ಟಲುಗಳು. ಇವು ಉಬ್ಬಿ ಕೊಳವೆಯಲ್ಲಿ ಸಿಕ್ಕಿಕೊಳ್ಳಲು ಹೆಚ್ಚಿನ ಸಂದರ್ಭಗಳಲ್ಲಿ ಮನುಷ್ಯರ ಕೈಗುಣವೇ ಕಾರಣ. ಬ್ರೇಕ್ ಆಯಿಲ್ ಎಂದು ಕರೆಯುವುದು ಹೆಸರಿಗೆ ಎಣ್ಣೆಯಾದರೂ ಖನಿಜ ತೈಲವಲ್ಲ. ಅದು ಗ್ಲೈಕಾಲ್ ವರ್ಗದ ದ್ರವ. ಅದರ ಬದಲು ಎಂಜಿನ್ ಆಯಿಲ್ ಹಾಕಿದರೂ, ಭಾಗಗಳನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದರೂ, ಗ್ರೀಸು ಹಚ್ಚಿ ಕೂರಿಸಿದರೂ ಆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕೆಲವು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ದ್ರವದ ಡಬ್ಬಿ ಒಂದೇ. ಅದಕ್ಕೆ ಒಂದು ಲೋಟ ಎಂಜಿನ್ ಆಯಿಲ್ ಸುರಿದವನು ಕ್ಲಚ್ಚನ್ನಷ್ಟೇ ಅಲ್ಲ, ಬ್ರೇಕನ್ನೂ ಕೆಡಿಸಿರುತ್ತಾನೆ. ಹೀಗಾದ ಕಾರನ್ನು ಒಂದು ಫರ್ಲಾಂಗೂ ಓಡಿಸದೆ, ಎಲ್ಲ ರಬ್ಬರ್ ಭಾಗಗಳನ್ನೂ ಹೋಸುಗಳನ್ನೂ ಬದಲಿಸಬೇಕು. ಸಿಲಿಂಡರನ್ನು ಬಿಚ್ಚಿದಾಗ ತೊಳೆಯಲು ಹೊಸ ಬ್ರೇಕ್ ಆಯಿಲನ್ನೇ ಬಳಸತಕ್ಕದ್ದು. ಈ ದ್ರವ ಕಾರಿನ ಬಣ್ಣವನ್ನು ಕೀಳುತ್ತದೆ. ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಇದೇ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವೂ ಇದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದೆ. ತೇವ ಹೀರಿದ ಮೇಲೆ ಅದು 140 ಡಿಗ್ರಿಯವರೆಗೂ ಇಳಿಯಬಹುದು. ಹೀರಿದ ನೀರು ಓಡದೆ ನಿಂತ ಕಾರಿನ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ ಮಾತ್ರ ಹೊರಬರುವ ಕಾರಿನ ಪೆಡಲು ಅಂಟುವುದಕ್ಕೆ ಇದು ಮುಖ್ಯ ಕಾರಣ. ಒಳಗೋಡೆಯಲ್ಲಿ ಉಗುರಿಗೆ ತಾಗುವಷ್ಟು ಗುಳಿ ಬಿದ್ದಿದ್ದರೆ ಹೊಸ ರಬ್ಬರು ಹಾಕಿ ಪ್ರಯೋಜನವಿಲ್ಲ, ಸಿಲಿಂಡರೇ ಬದಲಾಗಬೇಕು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುವ ಖರ್ಚು ಇದರ ಮುಂದೆ ಬಹಳ ಕಡಿಮೆ.

ಗೇರ್‌ಬಾಕ್ಸ್ ಇಳಿಸುವ ಪ್ರಸಂಗ

ಪೆಡಲು ಸ್ವತಂತ್ರವಾಗಿ ಆಡುತ್ತದೆ, ಸರಳು ಅಥವಾ ಕೇಬಲ್ಲು ಸರಿಯಿದೆ, ದ್ರವ ಸಲೀಸಾಗಿ ಮರಳುತ್ತದೆ, ಆದರೂ ಫೋರ್ಕನ್ನು ಕೈಯಿಂದ ಆಡಿಸಿದರೆ ಅದು ಸಿಕ್ಕಿಕೊಳ್ಳುತ್ತದೆ: ಇಷ್ಟು ಖಚಿತವಾದ ಮೇಲೆ ಮಾತ್ರ ಗೇರ್‌ಬಾಕ್ಸಿಗೆ ಕೈಹಾಕಬೇಕು. ಒಳಗೆ ರಿಲೀಸ್ ಬೇರಿಂಗು ಜಾರುವ ಕೊಳವೆ ಒಣಗಿ ಗೀರು ಬಿದ್ದಿರಬಹುದು, ಫೋರ್ಕಿನ ಆಧಾರ ಸವೆದಿರಬಹುದು, ಪ್ರೆಷರ್ ಪ್ಲೇಟಿನ ಬೆರಳುಗಳಲ್ಲಿ ಒಂದು ಮುರಿದಿರಬಹುದು. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಬಳಕೆಯಲ್ಲಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಘೋರವಾದದ್ದು. ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು. ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಹೇಳುವವರು ವಿರಳ.

ಪೆಡಲು ಸಲೀಸಾಗಿ ಏಳುತ್ತಿದ್ದರೂ ಗೇರು ಕರಕರ ಎಂದು ಬೀಳದಿದ್ದರೆ ಅದು ಬೇರೆಯೇ ಕಾಯಿಲೆ. ಬಹುಕಾಲ ನಿಂತ ಕಾರಿನಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೇ ಅಂಟಿರುತ್ತದೆ. ಎರಡನ್ನೂ ಒಂದೆಂದು ಭಾವಿಸಿ ಪೆಡಲಿಗೆ ಗ್ರೀಸು ಹಚ್ಚುತ್ತ ಕೂರುವುದು ನಿಷ್ಫಲ.

ತರಗತಿಯಲ್ಲಿ

ದ್ರವದ ಏರ್ಪಾಡನ್ನು ಶಾಲೆಯಲ್ಲಿ ತೋರಿಸಲು ಕಾರೇ ಬೇಕೆಂದಿಲ್ಲ. ಸೂಜಿ ತೆಗೆದ ಎರಡು ಹೊಸ ಇಂಜೆಕ್ಷನ್ ಸಿರಿಂಜುಗಳು, ಒಂದು ಚಿಕ್ಕದು ಮತ್ತೊಂದು ದೊಡ್ಡದು, ನಡುವೆ ಒಂದು ಗೇಣು ಪ್ಲಾಸ್ಟಿಕ್ ಕೊಳವೆ, ತುಂಬಲು ನೀರು. ಚಿಕ್ಕದನ್ನು ಒತ್ತಿದರೆ ದೊಡ್ಡದು ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ಏಳುತ್ತದೆ. ಈಗ ಬೇಕೆಂದೇ ಒಂದು ಗಾಳಿಗುಳ್ಳೆಯನ್ನು ಒಳಬಿಟ್ಟು ಒತ್ತಿಸಿದರೆ, ಒತ್ತಿದ್ದರಲ್ಲಿ ಒಂದು ಪಾಲು ಗಾಳಿ ಕುಗ್ಗುವುದರಲ್ಲೇ ವ್ಯಯವಾಗಿ ದೊಡ್ಡ ಸಿರಿಂಜು ಮೊದಲಿನಷ್ಟು ಏಳುವುದಿಲ್ಲ. ಏರ್ ಸೇರಿದ ಕ್ಲಚ್ಚಿನ ಪೆಡಲು ತಳಕ್ಕೆ ಹೋಗಿ ಅಲ್ಲೇ ಕೂರುವುದೇಕೆಂದು ಮಕ್ಕಳ ಬೆರಳಿಗೇ ತಿಳಿಯುತ್ತದೆ. ಕೊಳವೆಯನ್ನು ಬಟ್ಟೆ ಕ್ಲಿಪ್ಪಿನಿಂದ ಬಿಗಿದರೆ ಕೆಟ್ಟ ಹೋಸಿನ ದೃಷ್ಟಾಂತವೂ ಆಯಿತು.

ದುರಸ್ತಿಯ ಬಳಿಕ

ಎಲ್ಲವನ್ನೂ ಜೋಡಿಸಿ, ದ್ರವದ ಕಾರಾದರೆ ಏರ್ ಪೂರ್ತಿ ತೆಗೆದು, ಪೆಡಲಿನ ಫ್ರೀ ಪ್ಲೇ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ಅಳತೆಪಟ್ಟಿಯಿಂದಲೇ ಅಳೆಯಬೇಕು, ಅಂದಾಜು ಸಲ್ಲದು. ಸ್ಲೇವ್ ಸಿಲಿಂಡರು ಫೋರ್ಕಿನಿಂದ ಕಳಚಿರುವಾಗ ಯಾರೂ ಪೆಡಲು ತುಳಿಯದಂತೆ ನೋಡಿಕೊಳ್ಳತಕ್ಕದ್ದು. ತುಳಿದರೆ ಪಿಸ್ಟನ್ನು ಹೊರಕ್ಕೆ ಹಾರಿ ಕೆಲಸವೆಲ್ಲ ಮೊದಲಿಗೆ ಬರುತ್ತದೆ. ಎಂಜಿನು ನಿಂತಿರುವಾಗ ಐವತ್ತು ಸಲ ತುಳಿದು ಬಿಟ್ಟು ನೋಡಬೇಕು, ಬಳಿಕ ಎಂಜಿನು ಬಿಸಿಯಾದ ಮೇಲೆ ಇನ್ನೊಮ್ಮೆ. ಬಿಸಿಯಲ್ಲಿ ಮಾತ್ರ ಅಂಟುವ ಪೆಡಲುಗಳೂ ಉಂಟು. ಮೊದಲ ಓಟಕ್ಕೆ 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿ ತಕ್ಕ ಸ್ಥಳವಲ್ಲ. ರಾಮನಗರ, ಚನ್ನಪಟ್ಟಣಗಳ ಒಳಗಿನಿಂದ ಸಾಗುವ ಹಳೆಯ ರಸ್ತೆಯಲ್ಲಿ, ಜನಸಂಚಾರ ಕಡಿಮೆಯಿರುವ ಮುಂಜಾನೆ, ನಿಧಾನವಾಗಿ ಓಡಿಸುವುದು ಒಳಿತು. ಓಟದಲ್ಲಿ ಪೆಡಲು ಮತ್ತೆ ತಳದಲ್ಲಿ ನಿಂತರೆ ಗಾಬರಿಗೊಳ್ಳದೆ, ಬ್ರೇಕು ಎಂದಿನಂತೆಯೇ ಕೆಲಸ ಮಾಡುತ್ತದೆಯೆಂಬುದನ್ನು ನೆನಪಿನಲ್ಲಿಟ್ಟು, ಗೇರನ್ನು ನ್ಯೂಟ್ರಲಿಗೆ ತಂದು ಎಡಬದಿಗೆ ನಿಲ್ಲಿಸಬೇಕು. ಮೂರು ದಿನ ಕಳೆದ ಮೇಲೆ ದ್ರವದ ಡಬ್ಬಿಯ ಮಟ್ಟವನ್ನು ನೋಡಿ, ಇಳಿದಿದ್ದರೆ ಮಾಸ್ಟರ್ ಸಿಲಿಂಡರಿನ ಸರಳಿನ ಸುತ್ತ ಮತ್ತು ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯೊಳಗೆ ಬೆರಳಾಡಿಸಿ ತೇವವಿದೆಯೇ ಎಂದು ಪರೀಕ್ಷಿಸತಕ್ಕದ್ದು.